ಮಂಗ್ಯಾಗಳಿಗೆ ಒಪ್ಪಿದ ಹಂಚು

ಸತ್ತಿ ಊರಾಗಿನ ನಮ್ಮ ಮನಿಯ ಮಣ್ಣಿನ ಹಂಚು ಮಂಗ್ಯಾಗಳ ಕುಣಿತಕ್ಕ ವರ್ಷಾ ವರ್ಷಾ ಒಡೀತಿದ್ದವು. ಆ ಮಳಿಗಾಲಕ್ಕ ಮಗಳು ಬಾಣಂತನಕ್ಕ ಬರಾಕಿ ಇದ್ಲು. ಕೂಸಿನ ಮ್ಯಾಲ ಸೋರಬಾರದಂತ ಸಿಮೆಂಟ್ ಹಂಚು ನೋಡಾಕ ಅಥಣಿಗೆ ಹೋದೆ.

"ಎಷ್ಟ ವರ್ಷ ಬಾಳತಾವಪಾ?" ಅಂತ ಅಂಗಡಿಯವನ್ನ ಕೇಳಿದೆ.

"ಐವತ್ತ ವರ್ಷ ಚಿಂತಿಲ್ರಿ ಅವ್ವಾರ."

"ನಮ್ಮೂರ ಮಂಗ್ಯಾಗಳನ್ನ ನೀ ನೋಡಿಲ್ಲ."

ಅಂವ ನಗಲಿಲ್ಲ. ಎರಡು ಇಟ್ಟಂಗಿ ಮ್ಯಾಲ ಒಂದು ಹಂಚು ಇಟ್ಟು, "ನೀವ ನಿಂತ ನೋಡ್ರಿ" ಅಂದ. ನನ್ನ ಮೈಭಾರ ನನಗ ಗೊತ್ತಿತ್ತು. ಅವನ ಹೆಗಲು ಹಿಡಿದು ಹತ್ತಿದೆ. ಅವನ ಹೆಗಲು ಬಾಗಿತು, ಹಂಚು ಬಿರೀಲಿಲ್ಲ.

ಆಗ ಹುಟ್ಟಿದ ಮೊಮ್ಮಗಳು ಈಗ ಸಾಲಿಗೆ ಹೊಂಟಾಳ, ಒಂದೂ ಹಂಚು ಒಡೆದಿಲ್ಲ. ಮೊದಲೆಲ್ಲಾ ಹಂಚು ಮುರದ್ರ ಅಂಜಿ ಓಡತಿದ್ದ ಮಂಗ್ಯಾಗಳು, ಈಗ ಮನಿ ಗಟ್ಟಿ ಐತಂತ ಮಕ್ಕಳು ಮರಿ ಕಟಗೊಂಡು ಬಂದು ಅಲ್ಲೇ ಬಿಡಾರ ಹೂಡ್ಯಾವ.