ಸೋದರಮಾವನ ಉದಾಹರಣೆ

ನನಗೆ ಬನ್ನಂಜೆಯಲ್ಲಿ ಗಂಡನ ಮನೆ, ಉಚ್ಚಿಲದಲ್ಲಿ ತವರು, ಮಣಿಪಾಲದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವ ಕೆಲಸ. ಸಂಶೋಧನೆಗೆ ಸೇರಿದ ಹೊಸದರಲ್ಲಿ ನನ್ನ ಮಾರ್ಗದರ್ಶಕರು ಒಂದು ಸಾಫ್ಟ್‌ವೇರ್ ಕಲಿಯಲು ಹೇಳಿದರು. ಸಾಮಾನ್ಯವಾಗಿ ಪ್ರೋಗ್ರಾಮಿನ ನಿಯಮಗಳನ್ನು ನಾವೇ ಬರೆಯುತ್ತೇವೆ. ಇದಕ್ಕೆ ಹಾಗಲ್ಲ; ನಮಗೆ ಗೊತ್ತಿರುವ ಸಂಗತಿಗಳನ್ನೂ, ಹೌದು ಎನ್ನುವ ಕೆಲವು, ಅಲ್ಲ ಎನ್ನುವ ಕೆಲವು ಉದಾಹರಣೆಗಳನ್ನೂ ಕೊಟ್ಟರೆ ಸಾಕು, ನಿಯಮವನ್ನು ಅದೇ ಹುಡುಕಿ ಬರೆಯುತ್ತದೆ.

"ಮೊದಲು ನಿಮ್ಮ ಮನೆಯವರನ್ನೇ ಹಾಕಿ ನೋಡಿ. ತಪ್ಪಾದರೆ ಬೇಗ ಗೊತ್ತಾಗ್ತದೆ," ಎಂದರು.

ನಾನು ಸೋದರಮಾವ ಎಂಬ ಸಂಬಂಧ ಆರಿಸಿಕೊಂಡೆ. ನಮ್ಮಲ್ಲಿ ಅದಕ್ಕೆ ತೂಕ ಹೆಚ್ಚು. ಯಾರಿಗೆ ಯಾರು ತಾಯಿ, ಯಾರಿಗೆ ಯಾರು ಅಣ್ಣತಮ್ಮ ಎಂದೆಲ್ಲ ಟೈಪ್ ಮಾಡಿದೆ. ನನ್ನ ತಮ್ಮ ನನ್ನ ಮಗಳಿಗೆ ಸೋದರಮಾವ, ಅಮ್ಮನ ಅಣ್ಣ ನನಗೂ ತಮ್ಮನಿಗೂ ಸೋದರಮಾವ ಎಂದು ಉದಾಹರಣೆ ಕೊಟ್ಟೆ. ಅಲ್ಲ ಎನ್ನುವ ಉದಾಹರಣೆ ಒಂದನ್ನೂ ಕೊಡಲಿಲ್ಲ. ಬಂದ ನಿಯಮದ ಪ್ರಕಾರ ಯಾರು ಬೇಕಾದರೂ ಯಾರಿಗೆ ಬೇಕಾದರೂ ಸೋದರಮಾವ!

ಆ ಭಾನುವಾರ ತಮ್ಮ ನಮ್ಮ ಮನೆಗೆ ಬಂಗುಡೆ ಮೀನು ತಂದಿದ್ದ. ಮಲ್ಪೆಯ ಬೋಟೊಂದರಲ್ಲಿ ಅವನಿಗೆ ಕೆಲಸ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಲ್ಯಾಪ್‌ಟಾಪ್ ನೋಡಿದ.

"ಹಾಗಾದ್ರೆ ಇಡೀ ಉಚ್ಚಿಲಕ್ಕೆ ನಾನೇ ಮಾಮನಾ ಅಕ್ಕ?"

"ಯಾರು ಅಲ್ಲ ಅಂತ ಹೇಳದಿದ್ರೆ ಅದಕ್ಕೆ ಹೇಗೆ ಗೊತ್ತಾಗ್ಬೇಕು ಮಾರಾಯ?"

"ಇವಳಿಗೆ ಯಾರೂ ಹೇಳಿಕೊಡ್ಲಿಲ್ಲ. ಗೊತ್ತುಂಟಲ್ಲ!"

ಆಮೇಲೆ ಅವನೇ ಹುರುಪಿನಿಂದ ಹೇಳುತ್ತ ಹೋದ: ಮಗಳ ಅಪ್ಪ ಅಲ್ಲ, ಚಿಕ್ಕಪ್ಪ ಅಲ್ಲ, ಪಕ್ಕದ ಮನೆಯವರಂತೂ ಅಲ್ಲವೇ ಅಲ್ಲ. ನಾನು ಟೈಪ್ ಮಾಡಿದೆ. ಈ ಸಲ ಸರಿಯಾದ ನಿಯಮ ಬಂತು: ಒಬ್ಬರ ತಾಯಿಗೆ ಯಾರು ಅಣ್ಣನೋ ತಮ್ಮನೋ, ಅವನು ಅವರ ಸೋದರಮಾವ. "ಇಷ್ಟಕ್ಕೆ ಇಷ್ಟು ಕಷ್ಟ ಉಂಟಾ?" ಎಂದು ನಗುತ್ತ ಎದ್ದು ಹೋದ.

ಮರುವಾರ ನಾನು ಲ್ಯಾಬಿನಲ್ಲಿದ್ದಾಗ ಅಮ್ಮನ ಅಣ್ಣ, ನಮ್ಮ ಮಾಮನ ಫೋನ್ ಬಂತು. ಬಲೆ ಎಳೆಯುವಾಗ ಗಾಳಿ ಜೋರಾಗಿತ್ತಂತೆ. ಬಲೆ ಮೇಲೆ ಬಂದಾಗ ತಮ್ಮ ಬೋಟಿನಲ್ಲಿ ಇರಲಿಲ್ಲ. ಬಿದ್ದದ್ದನ್ನು ಯಾರೂ ಕಂಡಿಲ್ಲ. ಸುತ್ತಲಿನ ಬೋಟುಗಳೆಲ್ಲ ಸೇರಿ ಹುಡುಕಿದರೂ ಸಿಗಲಿಲ್ಲ.

ಅಮ್ಮ ಅಳಲಿಲ್ಲ. ಬಂದವರಿಗೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಬಿದ್ದದ್ದನ್ನು ನೀವು ಕಂಡಿದ್ದೀರಾ?" ಇಲ್ಲವೆಂದರೆ, "ಮತ್ತೆ ಎಂತ ಮಾತಾಡುವುದು?" ಎಂದು ಒಳಗೆ ಹೋಗುತ್ತಿದ್ದರು.

ಕೆಲವು ದಿನ ಕಳೆದ ಮೇಲೆ ಕಾಪುವಿನ ಕಡಲ ತೀರಕ್ಕೆ ಒಂದು ದೇಹ ಬಂದಿದೆಯೆಂದು ಪೊಲೀಸರು ಕರೆದರು. ಮಾಮ ಮತ್ತು ನಾನು ಉಡುಪಿಯ ಶವಾಗಾರಕ್ಕೆ ಹೋದೆವು. ಮುಖ ನೋಡಿ ಹೇಳುವಂತಿರಲಿಲ್ಲ. ತಮ್ಮನ ಎಡಗಾಲಿಗೆ ಬಲೆಯ ಹಗ್ಗ ಸುತ್ತಿ ಆಗಿದ್ದ ಆಳವಾದ ಗಾಯದ ಕಲೆಯಿತ್ತು. ಈ ದೇಹದ ಕಾಲಿನಲ್ಲಿ ಅದು ಇರಲಿಲ್ಲ.

"ಅವನಲ್ಲ," ಎಂದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಾಗ ನಗು ಬಂದಂತಾಯಿತು. ಅಷ್ಟರಲ್ಲಿ ಇನ್ನೊಂದು ಮನೆಯವರು ಆಟೋದಿಂದ ಇಳಿದರು. ಒಳಗೆ ಹೋದ ಸ್ವಲ್ಪ ಹೊತ್ತಿಗೆ ಅವರ ಕೂಗು ಕೇಳಿತು. ಮಾಮ ನನ್ನ ಕೈ ಹಿಡಿದು ಎಬ್ಬಿಸಿ ಕರೆದುಕೊಂಡು ಹೋದರು.

ರಜೆ ಮುಗಿಸಿ ಕಾಲೇಜಿಗೆ ಹೋದಾಗ ಸೋದರಮಾವನ ಆ ಫೈಲು ಹಾಗೆಯೇ ತೆರೆದುಕೊಂಡಿತು. ತಮ್ಮನ ಹೆಸರಿದ್ದ ಸಾಲುಗಳನ್ನು ಅಳಿಸಲೂ ಆಗಲಿಲ್ಲ, ನೋಡುತ್ತ ಕೂರಲೂ ಆಗಲಿಲ್ಲ. ಮಾರ್ಗದರ್ಶಕರು ಬಂದು ಹಿಂದೆ ನಿಂತದ್ದು ಗೊತ್ತಾಗಲಿಲ್ಲ. "ಅದನ್ನು ಬಿಡಿ. ಬೇರೆಯವರದ್ದು ತೆಗೆದುಕೊಳ್ಳಿ," ಎಂದು ಮೆಲ್ಲಗೆ ಹೇಳಿದರು. ಕಾರ್ಕಳದಲ್ಲಿರುವ ನಾದಿನಿಯ ಮನೆಯವರನ್ನು ಹಾಕಿದೆ. ಅಕ್ಷರ ತಪ್ಪದೆ ಅದೇ ನಿಯಮ ಬಂತು. ತಮ್ಮನಿಲ್ಲದೆಯೂ ಅದು ಬಂದದ್ದು ನನಗೆ ಸಹಿಸಲಾಗಲಿಲ್ಲ. ಕಂಪ್ಯೂಟರ್ ಆಫ್ ಮಾಡಿ ಎದ್ದೆ.

ಮಳೆಗಾಲ ಬರುವ ಮುಂಚೆ ಮಾಮ ಅಮ್ಮನೆದುರು ಕುಳಿತು, "ಎಷ್ಟು ಸಮಯ ಹೀಗೆ? ಅವನಿಗೊಂದು ದಾರಿ ಮಾಡ್ಬೇಕಲ್ಲ," ಎಂದರು.

ಅಮ್ಮ, "ನೀನು ಮಾಡುವುದಾದ್ರೆ ಮಾಡು. ನನ್ನನ್ನು ಕೇಳ್ಬೇಡ," ಎಂದರು.

ದೇಹ ಸಿಗದವರಿಗೆ ಮಾಡುವಂತೆ ಮಾಮ ದರ್ಭೆಯಿಂದ ದೇಹದಂತೆ ಕಟ್ಟಿಸಿ, ಅದಕ್ಕೆ ಬೆಂಕಿ ಕೊಟ್ಟರು. ಹುಲ್ಲು, ಕ್ಷಣದಲ್ಲಿ ಉರಿದುಹೋಯಿತು. ಅಮ್ಮ ಹೊರಗೆ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಪಕ್ಕದಲ್ಲಿ ಮಲಗಿ ಬೆನ್ನ ಮೇಲೆ ಕೈ ಇಟ್ಟೆ. ಆಗಲೇ ಅವರು ಮೊದಲ ಸಲ ಅತ್ತದ್ದು.