ನೊಣದ ಮೂಗಿಗೆ ನಾನು ಕೊಟ್ಟ ಮಾರ್ಕ್ಸ್

ನನ್ನ ಮೂಗು ನೋಡುವುದಕ್ಕೆ ಚೆನ್ನಾಗಿದೆ. ಕನ್ನಡಕ ನಿಲ್ಲುತ್ತದೆ, ಫೋಟೋದಲ್ಲಿ ಎದ್ದು ಕಾಣುತ್ತದೆ. ವಾಸನೆ ಹಿಡಿಯುವುದೊಂದು ಬಿಟ್ಟರೆ ಮಿಕ್ಕ ಕೆಲಸಕ್ಕೆಲ್ಲ ಒಳ್ಳೆಯ ಮೂಗು. ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮದು ಒಣಮೆಣಸಿನಕಾಯಿ ಅಂಗಡಿ. ಗಿರಾಕಿಗಳು ಬಾಗಿಲಲ್ಲೇ ಸೀನಿ, ಕಣ್ಣೊರೆಸಿಕೊಂಡು ರೇಟು ಕೇಳುವ ಜಾಗದಲ್ಲಿ ನಾನು ಚೀಲದ ಮೇಲೆ ಮಲಗಿ ಬೆಳೆದೆ.

ಇಂಥವನು ಇಂಜಿನಿಯರಿಂಗ್ ಕೊನೇ ವರ್ಷ ಆರಿಸಿಕೊಂಡ ಪ್ರಾಜೆಕ್ಟು, ಹಣ್ಣಿನ ನೊಣದ ಮಿದುಳು ವಾಸನೆ ಗುರುತಿಸುವುದನ್ನು ಕಂಪ್ಯೂಟರಿನಲ್ಲಿ ಮಾಡಿ ತೋರಿಸುವುದು. ಬಾಳೆಹಣ್ಣು ಕೊಳೆತರೆ ಎಲ್ಲಿಂದಲೋ ಬಂದು ಮುತ್ತುತ್ತವಲ್ಲ, ಎಳ್ಳುಕಾಳಿನಷ್ಟಿರುವವು, ಅವೇ. ತಲೆ ಸಣ್ಣದು, ಕೆಲಸವೂ ಸಣ್ಣದಿರಬೇಕು ಅಂದುಕೊಂಡೆ. ಓದಿದರೆ ನನ್ನ ತಲೆಯೇ ತಿರುಗಿತು. ನೊಣಕ್ಕೆ ಮೀಸೆಯೇ ಮೂಗು, ಆದರೆ 'ಇದು ಬಾಳೆಹಣ್ಣು' ಎಂದು ಹೇಳುವ ನರ ಆ ಮೀಸೆಯಲ್ಲಿ ಒಂದೂ ಇಲ್ಲ. ಒಂದು ನರ ಕೂಗುತ್ತದೆ, ಒಂದು ಗೊಣಗುತ್ತದೆ, ಇನ್ನೊಂದು ತೆಪ್ಪಗಿರುತ್ತದೆ. ಆ ಗದ್ದಲದ ನಮೂನೆ ನೋಡಿ ಮಿದುಳು ತೀರ್ಮಾನಿಸುತ್ತದೆ. ಹೆಚ್ಚುಕಮ್ಮಿ ನಮ್ಮ ಮಂಡಿಯ ಹರಾಜು.

ಪ್ರೋಗ್ರಾಮ್ ಬರೆದವನು ಜೊತೆಗಾರ ಹಾಲೇಶ, ಹರಿಹರದ ಪಕ್ಕ ಗುತ್ತೂರಿನವನು. ಯಾವ ಹಣ್ಣಿಗೆ ಯಾವ ನರ ಎಷ್ಟು ಕೂಗಬೇಕೆಂಬ ಅಂಕಿ ತುಂಬುವುದು ನನ್ನ ಪಾಲು. ಅಳೆಯುವ ಯಂತ್ರ ಕಾಲೇಜಿನಲ್ಲಿ ಇರಲಿಲ್ಲ. ಹಣ್ಣು ಮೂಸಿ, ಸಿಹಿಗಿಷ್ಟು, ಹುಳಿಗಿಷ್ಟು ಎಂದು ದೊಡ್ಡ ಪಂಡಿತನಂತೆ ಮಾರ್ಕ್ಸ್ ಹಾಕಿದೆ. ಆಮೇಲೆ ಯಾವ ಹಣ್ಣು ಮೂಸಿ ಅಂಕಿ ಕೊಟ್ಟರೂ ಕಂಪ್ಯೂಟರು ಬಾಳೆಹಣ್ಣು ಅಂದಿತು. ನಿಂಬೆ ಬಾಳೆಹಣ್ಣು, ಅನಾನಸ್ ಬಾಳೆಹಣ್ಣು. ಹಾಲೇಶ ತಪ್ಪು ಹುಡುಕಿ ಹುಡುಕಿ ಸೊರಗಿದ. ಫೇಲಾದರೆ ಅಂಗಡಿ ಗಾದಿ ಮೇಲೆ ಕೂರಿಸುತ್ತೇನೆಂದು ಅಪ್ಪ ಮೊದಲೇ ಹೇಳಿದ್ದರು.

ವೈವಾ ದಿನ ಬೆಳಿಗ್ಗೆ ಹಾಲೇಶ ನನ್ನ ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಏನನ್ನೋ ಹಿಡಿದ. ಬಾಳೆಹಣ್ಣು ಎಂದೆ. ಕಣ್ಣು ಬಿಟ್ಟರೆ ಹೆಚ್ಚಿದ ಈರುಳ್ಳಿ.

"ಪ್ರೋಗ್ರಾಮ್ ಸರಿ ಐತೆ ಮಾರಾಯ. ಕೆಟ್ಟಿರೋದು ನಿನ್ನ ಮೂಗು. ಮೊದ್ಲೇ ಹೇಳಾಕ ಏನಾಗಿತ್ತು?"

ಗೊತ್ತಿದ್ದರೆ ತಾನೇ ಹೇಳುವುದು? ನಮ್ಮ ಮನೆಯಲ್ಲಿ ಎಲ್ಲರ ಮೂಗೂ ಇಂಥದ್ದೇ. ಅನ್ನ ಸೀದರೆ ಪಕ್ಕದ ಮನೆಯವರು ಬಂದು ಹೇಳುತ್ತಾರೆ.

ಹಾಲೇಶ ಹಣ್ಣುಗಳನ್ನೆಲ್ಲ ಮತ್ತೆ ಮೂಸಿ ಮಾರ್ಕ್ಸ್ ಕೂಗಿದ, ನಾನು ಕಂಪ್ಯೂಟರಿನಲ್ಲಿ ಒತ್ತಿದೆ. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ತಮ್ಮ ಚೀಲದಿಂದ ಒಂದು ಪೇರಲ ತೆಗೆದು ಕೊಟ್ಟರು. ಅವನು ಮೂಸಿ ಅಂಕಿ ಹೇಳಿದ. ಪರದೆಯ ಮೇಲೂ ಪೇರಲವೇ ಬಂತು. ಅವರು ನನ್ನ ಕಡೆ ತಿರುಗಿದರು.

"ಪ್ರೋಗ್ರಾಮ್ ಅವಂದು, ಮೂಗೂ ಅವಂದು. ಇದ್ರಾಗ ನಿಂದೇನಪ್ಪಾ?"

ಅಂಗಡಿಯ ಗಾದಿ ಕಣ್ಣ ಮುಂದೆ ಬಂತು. "ಮೂಗು ಕೆಟ್ರೆ ನೊಣ ಏನಾಗ್ತೈತೆ ಅಂತ ತೋರಿಸೋದು ನಂದ್ರಿ ಸರ್" ಎಂದು ನನ್ನ ಹಳೆಯ ಅಂಕಿಗಳನ್ನು ಹಾಕಿದೆ. ಪೇರಲ ಅಲ್ಲೇ ಬಾಳೆಹಣ್ಣಾಯಿತು. ಅವರು ಕನ್ನಡಕ ತೆಗೆದು ನಕ್ಕರು.

"ಈ ನೊಣ ಬದುಕಂಗಿಲ್ಲ ಬಿಡು."

"ಬದುಕ್ತೈತ್ರಿ ಸರ್. ಪಕ್ಕದಾಗ ಒಂದು ಒಳ್ಳೆ ಮೂಗಿದ್ರೆ ಸಾಕು."

ಇಬ್ಬರಿಗೂ ಸಮನಾಗಿ ಮಾರ್ಕ್ಸ್ ಬಿತ್ತು. ಇದರಲ್ಲಿ ಅನ್ಯಾಯದ ವಾಸನೆ ಬರುತ್ತಿದೆ ಎನ್ನುತ್ತಾನೆ ಹಾಲೇಶ. ನನಗಂತೂ ಬಂದಿಲ್ಲ.