ಮಾವನ ಕಾರಿನ ಸಡಿಲ ಗೇರ್

ಮಾವ ಬೇಡ ಬೇಡ ಎಂದರೂ ಅವರ ಕಾರಿನ ಗೇರ್ ಸರಿಮಾಡಿದ ದಡ್ಡ ನಾನೇ. ಉಪಕಾರ ಮಾಡುವ ಬುದ್ಧಿ ನನಗೆ ಹುಟ್ಟಿದಾಗಿನಿಂದ ಇಲ್ಲ. ಆವತ್ತು ಎಲ್ಲಿಂದ ಬಂತೋ, ಬಂದದ್ದು ಕೇಡಿಗೇ.

ಕಡಬದ ಹತ್ತಿರ ಮಾವನಿಗೆ ಒಂದಿಷ್ಟು ರಬ್ಬರ್ ಮರಗಳಿವೆ, ನನಗಿಂತ ಹಿರಿಯದಾದ ಒಂದು ಕಾರಿದೆ. ಅದರ ಗೇರ್ ಲಿವರ್ ಪಾಯಸದ ಕೊಪ್ಪರಿಗೆಯಲ್ಲಿ ಬಿಟ್ಟ ಸೌಟಿನ ಹಾಗೆ ಎತ್ತ ಬೇಕಾದರೂ ವಾಲುತ್ತಿತ್ತು. ಮಾವ ಹಿಡಿದರೆ ಲಿವರ್, ಕೈ, ಮಣಿಕಟ್ಟಿನ ವಾಚು ಎಲ್ಲ ಸೇರಿ ಗಡಗಡ. ಸುಳ್ಯದ ನೆಂಟರ ಮನೆ ಊಟಗಳಲ್ಲಿ ಎಲ್ಲರೂ ನನ್ನಿಂದ ಕೇಳಿ ಮಾಡಿಸುತ್ತಿದ್ದ ಅಣಕದ ಐಟಮು ಇದೇ. ಸೌಟು ಹಿಡಿದು, ಗಲ್ಲ ಮುಂದೆ ಮಾಡಿ, "ಹೋಯ್, ಸೆಕೆಂಡ್ ಎಲ್ಲಿ ಉಂಟು ಮಾರಾಯ" ಎಂದು ಅದುರಿದರೆ ಬಡಿಸುವವರೂ ನಿಂತು ನಗುತ್ತಿದ್ದರು. ನನ್ನ ಮೂತಿಯಿಂದ ಬೇರೆ ಉಪಯೋಗವೂ ಇಲ್ಲ. ಎಲ್ಲರಿಗಿಂತ ಜೋರು ನಗು ಮಾವನದೇ. "ಎಂತ ಮಾಡುದು, ಅದರ ಬುಶ್ ಹೋಗಿದೆ" ಎನ್ನುತ್ತಿದ್ದರು.

ಅತ್ತೆ ಮಾತ್ರ ನಗುತ್ತಿರಲಿಲ್ಲ. ನೆಟ್ಟಣದ ಹತ್ತಿರ ಒಂದು ತಿರುವಿನಲ್ಲಿ ಗೇರ್ ಸಿಗದೆ ಕಾರು ಚರಂಡಿಗೆ ಇಳಿದ ಮೇಲೆ ಅವರು ಹೇಳಿಬಿಟ್ಟಿದ್ದರು: "ಈ ಗಡಗಡ ಕಾರಿನದ್ದಾದ್ರೆ ಸರಿ ಮಾಡಿಸಿ. ನಿಮ್ಮದಾದ್ರೆ ಕೀ ನನ್ನ ಹತ್ರ. ಮತ್ತೆ ಬಸ್ಸಿಗೆ ಕಾಯುದೇ." ಕಾರಿಲ್ಲದೆ ಕಡಬ ಪೇಟೆಗೆ ಹೋಗುವುದೆಂದರೆ ಮಾವನಿಗೆ ಪಂಚೆ ಇಲ್ಲದೆ ಹೋದ ಹಾಗೆ.

ನಾನು ಪುತ್ತೂರಿನಿಂದ ಲಿವರಿನ ಬುಡವನ್ನು ಅಲುಗದಂತೆ ಹಿಡಿಯುವ ಹೊಸ ಬುಶ್ ತಂದೆ.

"ಇರ್ಲಿ ಮಾರಾಯ, ನನಗೆ ಅಭ್ಯಾಸ ಆಗಿದೆ" ಎಂದರು ಮಾವ.

"ನಿಮಗೆ ಆಗಿದೆ ಮಾವ, ಚರಂಡಿಗೆ ಆಗ್ಲಿಲ್ಲ" ಎಂದೆ.

ಲಿವರಿನ ಬುಡದ ಕವರ್ ಮೇಲಕ್ಕೆಳೆದು, ಬೋಲ್ಟ್ ಬಿಚ್ಚಿ ನೋಡಿದರೆ ಹಳೆಯ ಪ್ಲಾಸ್ಟಿಕ್ ಬುಶ್ ಅವಲಕ್ಕಿಯಾಗಿತ್ತು. ಸಂದಿನಲ್ಲಿ ಮಾವ ತಮ್ಮದೇ ತೋಟದ ರಬ್ಬರ್ ಶೀಟಿನ ತುಂಡು ಸುತ್ತಿಟ್ಟಿದ್ದರು. ಬಿಸಿಗೆ, ಗ್ರೀಸಿಗೆ ಅದು ಕರಗಿ ಹಲಸಿನ ಮೇಣದ ಹಾಗೆ ಮೆತ್ತಿಕೊಂಡಿತ್ತು.

"ಮನೆಯ ಶೀಟ್ ಅಂತ ಎಲ್ಲದಕ್ಕೂ ಸುತ್ತುದಾ? ನಾಳೆ ಹಲ್ಲು ಅಲುಗಿದರೂ ಇದನ್ನೇ ಸುತ್ತಿ!"

ಈ ಸಲ ಮಾವ ನಗಲಿಲ್ಲ. ನಾನು ಮೇಣ ಕೆರೆದು, ಹೊಸ ಬುಶ್ ಕೂರಿಸಿ, ಗ್ರೀಸ್ ಹಚ್ಚಿ ಬಿಗಿದೆ. ಲಿವರ್ ನೆಟ್ಟ ಗೂಟದ ಹಾಗೆ ನಿಂತಿತು. ಅತ್ತೆಯನ್ನು ಕೂಗಿ ಕರೆದವನೂ ನಾನೇ. ಪ್ರೇಕ್ಷಕರಿಲ್ಲದೆ ನನಗೆ ಏನೂ ಮಾಡಿ ಗೊತ್ತಿಲ್ಲ.

ಮಾವ ಸ್ಟೇರಿಂಗಿಗೆ, ನಾನು ಪಕ್ಕಕ್ಕೆ, ಅತ್ತೆ ಹಿಂದಕ್ಕೆ. ಗೇಟು ದಾಟಿ ಎರಡನೆಯ ಗೇರ್ ಹಾಕಿದರು. ವಾಚು ಮತ್ತೆ ಗಡಗಡ.

"ನೋಡು, ಇನ್ನೂ ಅಲುಗ್ತದೆ" ಎಂದರು ಮಾವ.

"ಕೈ ತೆಗೀರಿ ಮಾವ."

ತೆಗೆದರು. ಲಿವರ್ ಅಲುಗಲಿಲ್ಲ. ಗಾಳಿಯಲ್ಲಿದ್ದ ಕೈ ನಿಲ್ಲಲಿಲ್ಲ.

ಹಿಡಿ ಸಡಿಲವಾಗಿದೆ ಎಂದು ಅವರು ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗ್ ಕತ್ತಿ ಕೆಳಗಿಟ್ಟದ್ದು, ಗ್ಲಾಸು ಬಿಸಿ ಎಂದು ಅರ್ಧ ಚಾ ಬಿಡುತ್ತಿದ್ದುದು ನನಗೆ ಆಗ ನೆನಪಾಗಬೇಕಿತ್ತು. ನೆನಪಾದದ್ದು ನನ್ನ ಐಟಮು. ಎಲ್ಲರೂ ಸುಮ್ಮನಿದ್ದರೆ ನನ್ನ ಬಾಯಿ ತಡೆಯುವುದಿಲ್ಲ. ಗಲ್ಲ ಮುಂದೆ ಮಾಡಿ, ಕೈ ಅದುರಿಸಿ, "ಹೋಯ್, ಸೆಕೆಂಡ್ ಎಲ್ಲಿ ಉಂಟು ಮಾರಾಯ" ಎಂದೆ.

ಯಾರೂ ನಗಲಿಲ್ಲ.

"ಕೀ ಕೊಡಿ" ಎಂದರು ಅತ್ತೆ ಹಿಂದಿನಿಂದ.

ಮಾವ ಕಾರನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿದರು. ಕೀ ತೆಗೆದರು. ಅತ್ತೆ ಚಾಚಿದ ಕೈಗೆ ಕೊಡದೆ ನನ್ನ ಮಡಿಲಿಗೆ ಹಾಕಿದರು.

"ಇನ್ನು ನೀನೇ ಓಡ್ಸು ಮಾರಾಯ. ಆ ನಡುಗುದು ಮಾತ್ರ ಬಿಡ್ಬೇಡ, ದಾರಿಯಲ್ಲಿ ನೋಡಿದವರು ನಾನೇ ಓಡ್ಸುದು ಅಂತ ತಿಳ್ಕೊಳ್ಳಲಿ."